ಸ್ತನ ಕ್ಯಾನ್ಸರ್ ಮತ್ತು ರಕ್ತ ಪರೀಕ್ಷೆ: ನಮ್ಮ ತಾಯಂದಿರಿಗೆ ನಾಲ್ಕು ಮಾತು

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಮಹಿಳಾ ಸದಸ್ಯರ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ್ದು ನಮಗೆಲ್ಲರಿಗೂ ಹೆಮ್ಮೆಯ ಸಂಗತಿ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಸಹಕಾರಿ ಸಂಘ ಕಟ್ಟಿದಾಗ ಅವರ ಮುಂದೆ ಇದ್ದ ಪ್ರಶ್ನೆ ಒಂದೇ. ಒಬ್ಬನಿಂದ ಆಗದ್ದು ಹತ್ತು ಮಂದಿ ಕೂಡಿದರೆ ಆಗತೈತೋ ಇಲ್ಲೋ? ಆಗತೈತಿ ಅಂತ ಅವರು ತೋರಿಸಿಕೊಟ್ಟರು. ಇವತ್ತು ಅದೇ ಪ್ರಶ್ನೆಯನ್ನು ನಾವು ಒಂದು ರೋಗದ ವಿಷಯದಾಗ ನಿಮ್ಮ ಮುಂದೆ ಇಡಬೇಕಾಗೈತಿ.

ಈ ವಿಷಯ ಯಾಕೆ ಬಂತು ಅನ್ನೋದನ್ನ ಮೊದಲು ಹೇಳತೀವಿ. ರಜತ ಮಹೋತ್ಸವದ ನೆನಪಿಗೆ ಮಹಿಳಾ ಸದಸ್ಯರ ಸಲುವಾಗಿ ಏನಾದರೂ ಶಾಶ್ವತ ಕೆಲಸ ಮಾಡಬೇಕು ಅಂತ ಆಡಳಿತ ಮಂಡಳಿ ಠರಾವು ಮಾಡಿ ಕಲ್ಯಾಣ ನಿಧಿಯಿಂದ ಸ್ವಲ್ಪ ಹಣ ತೆಗೆದಿಟ್ಟಿತು. ಸುದ್ದಿ ತಿಳಿದು ಒಂದು ಲ್ಯಾಬಿನ ಪ್ರತಿನಿಧಿಗಳು ನಮ್ಮ ಕಚೇರಿಗೆ ಬಂದರು. “ನಿಮ್ಮ ಎಲ್ಲಾ ಹೆಣ್ಣುಮಕ್ಕಳ ರಕ್ತ ತೆಗೆದು ಸ್ತನದ ಕ್ಯಾನ್ಸರ್ ಐತೋ ಇಲ್ಲೋ ಹೇಳತೀವಿ. ಅರ್ಧ ರೊಕ್ಕ ಸಂಘ ಕೊಡಲಿ, ಅರ್ಧ ಸದಸ್ಯರು ಕೊಡಲಿ. ಒಂದೇ ದಿನದಾಗ ಶಿಬಿರ ಮುಗಿಸತೀವಿ” ಅಂದರು. ಬಣ್ಣದ ಕಾಗದ ತೋರಿಸಿದರು. ಕೇಳಲಿಕ್ಕೆ ಬಹಳ ಚೊಲೊ ಅನ್ನಿಸಿತು. ಮಂಡಳಿಯಲ್ಲಿ ಕೆಲವರು ತಕ್ಷಣ ಒಪ್ಪಿಬಿಡೋಣ ಅಂದರು. ಅವರ ಮನಸ್ಸು ಶುದ್ಧ ಇತ್ತು, ಅದರಾಗ ಎರಡು ಮಾತಿಲ್ಲ. ಆದರೆ ರೊಕ್ಕ ಸದಸ್ಯರದು, ಜೀವ ಸದಸ್ಯರದು. ಕೇಳದೆ, ತಿಳಿಯದೆ ಸಹಿ ಹಾಕಬಾರದು ಅಂತ ಆ ವಿಚಾರವನ್ನು ಮುಂದಿನ ಸಭೆಗೆ ತಳ್ಳಿ, ವಿಜಯಪುರದ ಡಾಕ್ಟರರನ್ನು ಕಂಡು, ಸಿಕ್ಕ ಪುಸ್ತಕ-ವರದಿ ಓದಿಸಿ ತಿಳಿದುಕೊಂಡೆವು. ನಾವು ಎಸ್.ಎಸ್.ಎಲ್.ಸಿ. ಓದಿದ ಒಕ್ಕಲಿಗರು. ಡಾಕ್ಟರ್ ಅಲ್ಲ. ಆದರೆ ತಿಳಿದವರು ಹೇಳಿದ್ದನ್ನ ನಮ್ಮ ಭಾಷೆಯಾಗ ನಿಮಗೆ ಮುಟ್ಟಿಸಬಹುದು.

ಮೊದಲು ಈ ರೋಗ ಎಷ್ಟು ದೊಡ್ಡದು ಅಂತ ತಿಳಿಯೋಣ. ಒಂದು ಕಾಲಕ್ಕೆ ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಹೆಚ್ಚಿತ್ತು. ಈಗ ಸ್ತನದ ಕ್ಯಾನ್ಸರ್ ಮುಂದೆ ಹೋಗೈತಿ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಾಗ ಹೊಸದಾಗಿ ಸುಮಾರು 1 ಲಕ್ಷ 92 ಸಾವಿರ ಹೆಣ್ಣುಮಕ್ಕಳಿಗೆ ಇದು ಬಂತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ಬಂದವರ ಲೆಕ್ಕಕ್ಕೂ ಹೋದವರ ಲೆಕ್ಕಕ್ಕೂ ಇರುವ ಅಂತರ ನೋಡ್ರಿ, ಅರ್ಧಕ್ಕರ್ಧ. ಮುಂದುವರಿದ ದೇಶಗಳಲ್ಲಿ ಹಿಂಗಿಲ್ಲ. ಅಲ್ಲಿ ಬರುವುದು ಹೆಚ್ಚು, ಸಾಯುವುದು ಕಡಿಮೆ. ಯಾಕಂದ್ರ ಅಲ್ಲಿ ಗಂಟು ಸಣ್ಣದಿದ್ದಾಗಲೇ ಸಿಗತೈತಿ.

ನಮ್ಮ ದೇಶದ ಕ್ಯಾನ್ಸರ್ ನೋಂದಣಿ ಕೇಂದ್ರಗಳ ಲೆಕ್ಕ ಹಿಡಿದು ಮಾಡಿದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾತು. ರೋಗ ಸ್ತನದಾಗಷ್ಟೇ ಇದ್ದಾಗ ಸಿಕ್ಕವರಲ್ಲಿ ನೂರಕ್ಕೆ ಸುಮಾರು 81 ಮಂದಿ ಐದು ವರ್ಷ ದಾಟಿದ್ದಾರೆ. ಕಂಕುಳ ಗಂಟಿಗೆ, ಅಕ್ಕಪಕ್ಕಕ್ಕೆ ಹಬ್ಬಿದ ಮೇಲೆ ಸಿಕ್ಕವರಲ್ಲಿ ನೂರಕ್ಕೆ ಸುಮಾರು 65. ಎಲುಬು, ಲಿವರ್, ಪುಪ್ಪುಸಕ್ಕೆ ಹೋದ ಮೇಲೆ ಸಿಕ್ಕವರಲ್ಲಿ ನೂರಕ್ಕೆ ಸುಮಾರು 18 ಮಾತ್ರ. ಅದೇ ರೋಗ, ಅದೇ ದೇಶ, ಅದೇ ಔಷಧ. ವ್ಯತ್ಯಾಸ ವ್ಯಾಳ್ಯಾದ್ದು. ಆದ್ದರಿಂದ ಬೇಗ ಪತ್ತೆ ಹಚ್ಚಬೇಕು ಅನ್ನುವ ಮಾತಿನಲ್ಲಿ ಲ್ಯಾಬಿನವರಿಗೂ ನಮಗೂ ಜಗಳ ಇಲ್ಲ. ಹೆಂಗ ಪತ್ತೆ ಹಚ್ಚಬೇಕು ಅನ್ನೋದೇ ಪ್ರಶ್ನೆ.

ಈಗ ಈ ರಕ್ತದ ಗುರುತು ಅಂದ್ರ ಏನು ಅಂತ ಹೇಳತೀವಿ. ನಮ್ಮ ಮೈಯಾಗ ಕೋಟಿಗಟ್ಟಲೆ ಜೀವಕೋಶ ಅದಾವು. ಪ್ರತಿಯೊಂದೂ ತನ್ನದೇ ಆದ ಪ್ರೋಟೀನ್ ತಯಾರಿಸತೈತಿ. ಕ್ಯಾನ್ಸರ್ ಗಡ್ಡೆಯ ಜೀವಕೋಶಗಳು ಕೆಲವು ಪ್ರೋಟೀನನ್ನು ಹೆಚ್ಚು ತಯಾರಿಸಿ ರಕ್ತಕ್ಕೆ ಬಿಡತಾವು. ಅಂಥಾ ಪ್ರೋಟೀನಿಗೆ ಟ್ಯೂಮರ್ ಮಾರ್ಕರ್, ಅಂದರೆ ಗಡ್ಡೆಯ ಗುರುತು ಅಂತ ಹೆಸರು.

ಸ್ತನದ ಕ್ಯಾನ್ಸರಿಗೆ ಹೆಚ್ಚು ಬಳಕೆಯಲ್ಲಿರುವ ಗುರುತು ಸಿ.ಎ. 15-3. ಆ ಬಣ್ಣದ ಕಾಗದದಾಗ ಇದ್ದದ್ದೂ ಇದೇ. ಇದರ ಕಥಿ ನಮ್ಮಂಥ ಹಾಲಿನ ಮಂದಿಗೆ ಮಜಾ ಅನ್ನಿಸತೈತಿ. ಹಾಲು ಬರುವ ನಾಳದ ಜೀವಕೋಶಗಳ ಮೇಲೆ ಮ್ಯೂಸಿನ್ ಅನ್ನುವ ಒಂದು ಪ್ರೋಟೀನ್ ಹೊದಿಕೆ ಇರತೈತಿ. ಹಾಲಿನ ಜಿಡ್ಡಿನ ಕಣದ ಸುತ್ತ ಇರುವ ಪೊರೆಯಲ್ಲೂ ಅದು ಇರತೈತಿ. ಅದನ್ನು ಗುರುತು ಹಿಡಿಯಲಿಕ್ಕೆ ವಿಜ್ಞಾನಿಗಳು ಎರಡು ಪ್ರತಿಕಾಯ ತಯಾರಿಸಿದರು. ಒಂದನ್ನು ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮಿನಲ್ಲಿ ತಾಯಿಹಾಲಿನ ಜಿಡ್ಡಿನ ಪೊರೆ ಬಳಸಿ ಮಾಡಿದರು. ಅದರ ನಂಬರ್ 115ಡಿ8. ಇನ್ನೊಂದನ್ನು ಅಮೆರಿಕದ ಬಾಸ್ಟನ್ನಿನಲ್ಲಿ ಲಿವರಿಗೆ ಹಬ್ಬಿದ ಸ್ತನ ಕ್ಯಾನ್ಸರಿನ ಗಡ್ಡೆ ಬಳಸಿ ಮಾಡಿದರು. ಅದರ ಹೆಸರು ಡಿ.ಎಫ್. 3. ಮೊದಲನೆಯದರ 15, ಎರಡನೆಯದರ 3 ಸೇರಿ 15-3 ಆತು. ಗಡ್ಡೆ ಬೆಳೆದಂತೆ ಈ ಹೊದಿಕೆಯ ತುಣುಕು ಕಳಚಿ ರಕ್ತಕ್ಕೆ ಬೀಳತೈತಿ. ಆ ತುಣುಕು ಎಷ್ಟು ಅದಾವು ಅಂತ ಮಶೀನ್ ಲೆಕ್ಕ ಹಾಕತೈತಿ. ಒಂದು ಮಿಲಿಲೀಟರಿಗೆ ಸುಮಾರು 25-30 ಯೂನಿಟ್ ಒಳಗಿದ್ದರೆ ಸಾಮಾನ್ಯ ಅಂತ ಲ್ಯಾಬುಗಳು ಬರೀತಾವು.

ಇಷ್ಟು ಕೇಳಿದರೆ ಇನ್ನೇನು ಬೇಕು, ರಕ್ತ ತೆಗೆದು ನೋಡಿದರೆ ಆತು ಅನ್ನಿಸತೈತಿ. ಆದರೆ ತೊಡಕು ಇರೋದೇ ಇಲ್ಲಿ.

ಮೊದಲನೇ ತೊಡಕು. ಗಡ್ಡೆ ಸಣ್ಣದಿದ್ದಾಗ ರಕ್ತಕ್ಕೆ ಬೀಳುವ ತುಣುಕು ಬಹಳ ಕಡಿಮೆ. ಮೊದಲನೇ ಹಂತದ ಕ್ಯಾನ್ಸರ್ ಇದ್ದ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಮಾತ್ರ ಈ ಅಂಕಿ ಏರಿರತೈತಿ. ಉಳಿದವರ ರಿಪೋರ್ಟು ನಾರ್ಮಲ್ ಅಂತಲೇ ಬರತೈತಿ. ರೋಗ ಎಲುಬಿಗೆ, ಲಿವರಿಗೆ ಹೋದ ಮೇಲೆ ಅಂಕಿ ಬಹಳ ಮಂದಿಯಲ್ಲಿ ಏರತೈತಿ. ಅಂದ್ರ ಯಾವಾಗ ಹಿಡಿದರೆ ಜೀವ ಉಳೀತೈತೋ ಆವಾಗ ಇದು ಸುಮ್ಮನಿರತೈತಿ. ಕಳ್ಳ ಮನಿ ಬಿಟ್ಟು ಹೋದ ಮೇಲೆ ಬೊಗಳುವ ನಾಯಿ ಇದ್ದಂಗ.

ಎರಡನೇ ತೊಡಕು. ಕ್ಯಾನ್ಸರ್ ಇಲ್ಲದವರಲ್ಲೂ ಇದು ಏರತೈತಿ. ಲಿವರಿನ ಬ್ಯಾನಿ ಇದ್ದರೆ, ಸ್ತನದಾಗ ಕ್ಯಾನ್ಸರ್ ಅಲ್ಲದ ಗಂಟು ಇದ್ದರೆ, ಬಸುರಿ-ಬಾಣಂತಿಯರಲ್ಲಿ, ಬಿ-12 ಕಡಿಮೆ ಆಗಿ ರಕ್ತಹೀನತೆ ಬಂದವರಲ್ಲಿ ಕೂಡ ಏರಬಹುದು. ಲಿಂಬಿ ಗಿಡದ ಎಲಿ ಹಳದಿ ಆತು ಅಂದ್ರ ನಾವು ಏನು ಮಾಡತೀವಿ? ನೀರು ನಿಂತು ಹಳದಿ ಆಗೈತೋ, ಗೊಬ್ಬರ ಕಡಿಮೆ ಆಗೈತೋ, ಬೇರು ಕೊಳತೈತೋ ಅಂತ ಬುಡ ಕೆದರಿ ನೋಡತೀವಿ. ಹಳದಿ ಎಲಿ ಕಂಡ ಕೂಡಲೇ ಗಿಡ ಕಡಿಯೂದಿಲ್ಲ. ಇದೂ ಹಂಗ.

ಒಂದು ಸಣ್ಣ ಲೆಕ್ಕ ಮಾಡೋಣ. ಇದು ತಿಳಿಯಲಿಕ್ಕೆ ಹಿಡಕೊಂಡ ಲೆಕ್ಕ, ನಮ್ಮ ಊರಿನ ಲೆಕ್ಕ ಅಲ್ಲ. ಒಂದು ಸಾವಿರ ಹೆಣ್ಣುಮಕ್ಕಳ ರಕ್ತ ತೆಗೆದೆವು ಅನ್ನೋಣ. ಅವರಲ್ಲಿ ಮೂವರಿಗೆ ಸಣ್ಣ ಗಡ್ಡೆ ಐತಿ ಅನ್ನೋಣ. ಆರೋಗ್ಯವಂತರಲ್ಲಿ ನೂರಕ್ಕೆ ಐದು ಮಂದಿಗೆ ಮಾತ್ರ ಅಂಕಿ ಸುಳ್ಳೇ ಏರತೈತಿ ಅನ್ನೋಣ. ಹಂಗಾದರೂ ಸುಮಾರು ಐವತ್ತು ಮಂದಿ ಆರೋಗ್ಯವಂತರ ಮನಿಯಾಗ ಅಳು ಬೀಳತೈತಿ. ನಿಜವಾಗಿ ರೋಗ ಇದ್ದ ಮೂವರಲ್ಲಿ ಒಬ್ಬರೂ ಸಿಗದೆ ಹೋಗಬಹುದು. ಐವತ್ತು ಮಂದಿಗೆ ಸುಳ್ಳು ಭಯ, ಮೂವರಿಗೆ ಸುಳ್ಳು ಧೈರ್ಯ. ಇದರಾಗ ಯಾವುದು ಹೆಚ್ಚು ಕೆಟ್ಟದ್ದು ಅಂತ ಕೇಳಿದರೆ ನಾವು ಸುಳ್ಳು ಧೈರ್ಯವೇ ಅಂತ ಹೇಳತೀವಿ. ಭಯ ಬಿದ್ದವರು ಮತ್ತೊಂದು ತಪಾಸಣೆ ಮಾಡಿಸಿ ಬಿಡುಗಡೆ ಆಗಬಹುದು. ಧೈರ್ಯ ತಗೊಂಡು ಮನಿಯಾಗ ಕುಂತವರು?

ಇದಕ್ಕೆ ನಮ್ಮ ಸೀಮೆಯಲ್ಲೇ ಒಂದು ಉದಾಹರಣೆ ಐತಿ. ಆ ಅಕ್ಕಾರ ಒಪ್ಪಿಗೆ ತಗೊಂಡೇ ಹೇಳತೀವಿ, ಹೆಸರು ಮಾತ್ರ ಹೇಳೂದಿಲ್ಲ. ಐವತ್ತು ದಾಟಿದವರು. ಜಳಕಾ ಮಾಡುವಾಗ ಎಡ ಎದಿಯಾಗ ಕಡ್ಲಿಕಾಳಿನಷ್ಟು ಗಂಟು ಕೈಗೆ ಹತ್ತಿತು. ನೋವು ಇರಲಿಲ್ಲ. ನಾಚಿಗಿ ಬಿಟ್ಟು ಸೊಸಿಗೆ ಹೇಳಿದರು. ಸೊಸಿ ಗಂಡಗ ಹೇಳಿದಳು. ಮಗ ಪ್ಯಾಟಿಗೆ ಕರಕೊಂಡು ಹೋಗಿ ಒಂದು ಲ್ಯಾಬಿನಲ್ಲಿ ಇದೇ ಕ್ಯಾನ್ಸರಿನ ರಕ್ತ ಪರೀಕ್ಷೆ ಮಾಡಿಸಿದ. ರಿಪೋರ್ಟು ನಾರ್ಮಲ್ ಬಂತು. ಮನಿಮಂದಿ ಎಲ್ಲಾ ದೇವರಿಗೆ ಕಾಯಿ ಒಡೆದರು. ಒಂದು ಸುಗ್ಗಿ ಹೋತು, ಒಂದು ಮಳಿಗಾಲ ಹೋತು. ಗಂಟು ಲಿಂಬಿಹಣ್ಣಿನಷ್ಟಾತು, ಕಂಕುಳಾಗೂ ಕಾಣಿಸಿತು. ಆಮೇಲೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಸೂಜಿ ಹಾಕಿ ತುಣುಕು ತೆಗೆದು ನೋಡಿ ಕ್ಯಾನ್ಸರ್ ಅಂದರು. ಕಿಮೋ ಆತು, ಆಪರೇಶನ್ ಆತು, ಕರೆಂಟು ಕೊಡುವುದು ಆತು. ಒಂದು ಎಕರೆ ಹೊಲ ಹೋತು. ಅವರು ಇವತ್ತಿಗೂ ಬದುಕಿದ್ದಾರೆ, ಅದು ನಮ್ಮ ಭಾಗ್ಯ. ನಾವು ಮಾತಾಡಿಸಲಿಕ್ಕೆ ಹೋದಾಗ ಅವರು ಹೇಳಿದ ಮಾತು ಇದು: “ತಮ್ಮಾ, ಕಾಗದದಾಗ ನಾರ್ಮಲ್ ಅಂತ ಬರದಿತ್ತು. ಕೈಗೆ ಗಂಟು ಹತ್ತತಿತ್ತು. ನಾ ಕೈ ಬಿಟ್ಟು ಕಾಗದಾ ನಂಬಿದೆ.”

ಅಕ್ಕಾರ ಈ ಮಾತು ಕೇಳಿದ ದಿನವೇ ನಮ್ಮ ತೀರ್ಮಾನ ಆಗಿಹೋತು ಅಂದರೂ ಅಡ್ಡಿಯಿಲ್ಲ. ಆದರೂ ಒಬ್ಬರ ಅನುಭವದ ಮೇಲೆ ಸಂಘ ನಡೆಯಬಾರದು. ದೊಡ್ಡ ದೊಡ್ಡ ಅಧ್ಯಯನ ಏನು ಹೇಳತಾವು ಅಂತಲೂ ನೋಡಬೇಕು.

1965ರಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್ಮನ್ ಅನ್ನುವವರು ಕರುಳಿನ ಕ್ಯಾನ್ಸರಿನಲ್ಲಿ ಸಿ.ಇ.ಎ. ಅನ್ನುವ ಪ್ರೋಟೀನ್ ಕಂಡುಹಿಡಿದರು. ಒಂದು ಹನಿ ರಕ್ತದಿಂದ ಕ್ಯಾನ್ಸರ್ ಗೊತ್ತಾಗತೈತಿ ಅಂತ ಆಗ ಜಗತ್ತಿಗೇ ಆಸೆ ಹುಟ್ಟಿತು. ಬರಬರುತ್ತ ಬೀಡಿ-ಸಿಗರೇಟು ಸೇದುವವರಲ್ಲಿ, ಲಿವರಿನ ರೋಗ ಇದ್ದವರಲ್ಲಿಯೂ ಅದು ಏರತೈತಿ, ಸಣ್ಣ ಗಡ್ಡೆ ಇದ್ದವರಲ್ಲಿ ಏರೂದಿಲ್ಲ ಅಂತ ತಿಳಿಯಿತು. ಸಿ.ಎ. 15-3ರ ಹಾದಿಯೂ ಅದೇ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವು 2007ರ ತನ್ನ ಮಾರ್ಗದರ್ಶಿಯಲ್ಲಿ ಸ್ತನ ಕ್ಯಾನ್ಸರ್ ಹುಡುಕಲಿಕ್ಕೆ ಈ ಪರೀಕ್ಷೆ ಬಳಸಬೇಡಿರಿ ಅಂತ ಸ್ಪಷ್ಟ ಹೇಳೈತಿ.

ಇನ್ನೊಂದು ದೊಡ್ಡ ಪ್ರಯೋಗ ಬ್ರಿಟನ್ನಿನಲ್ಲಿ ನಡೆಯಿತು. ಅದು ಅಂಡಾಶಯದ ಕ್ಯಾನ್ಸರಿನದು. 2001ರಿಂದ 2005ರ ತನಕ ಎರಡು ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸೇರಿಸಿ, ಒಂದು ಗುಂಪಿಗೆ ವರ್ಷಾ ವರ್ಷಾ ಸಿ.ಎ. 125 ಅನ್ನುವ ರಕ್ತದ ಪ್ರೋಟೀನ್ ಪರೀಕ್ಷೆ ಮಾಡಿದರು. ಇಪ್ಪತ್ತು ವರ್ಷದ ಹತ್ತಿರ ಕಾದು 2021ರಲ್ಲಿ ಲೆಕ್ಕ ಪ್ರಕಟಿಸಿದರು. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಆಗಲಿಲ್ಲ. ಇಷ್ಟು ದೊಡ್ಡ ದೇಶ, ಇಷ್ಟು ರೊಕ್ಕ, ಇಷ್ಟು ವರ್ಷ ಹಾಕಿ ಸಿಗದ ಫಲ ನಮ್ಮ ಊರಿನ ಒಂದು ದಿನದ ಶಿಬಿರದಾಗ ಸಿಗತೈತೇನು?

ಹಂಗಂತ ಸಿ.ಎ. 15-3 ಕೆಲಸಕ್ಕೆ ಬಾರದ್ದು ಅಂತ ನಾವು ಹೇಳೂದಿಲ್ಲ. ಅದಕ್ಕೆ ಅದರದೇ ಜಾಗಾ ಐತಿ. ಕ್ಯಾನ್ಸರ್ ಅಂತ ಖಾತ್ರಿಯಾಗಿ, ಅದು ಮೈಯಾಗ ಹಬ್ಬಿದವರಿಗೆ ಔಷಧ ಕೊಡುವಾಗ, ಔಷಧ ಹತ್ತತೈತೋ ಇಲ್ಲೋ ನೋಡಲಿಕ್ಕೆ ಡಾಕ್ಟರು ಬೇರೆ ಸ್ಕ್ಯಾನುಗಳ ಜೋಡಿ ಇದನ್ನೂ ನೋಡತಾರ. ಆಗಲೂ ಒಂದೇ ಅಂಕಿ ಹಿಡಿದು ತೀರ್ಮಾನ ಮಾಡೂದಿಲ್ಲ. ಚೊಲೊ ಔಷಧ ಶುರು ಮಾಡಿದ ಮೊದಲ ಕೆಲವು ವಾರ ಅಂಕಿ ಏರಿ ಆಮೇಲೆ ಇಳಿಯುವುದೂ ಉಂಟು. ಆದ್ದರಿಂದ ಈಗ ಉಪಚಾರದಲ್ಲಿದ್ದವರು ಯಾರಾದರೂ ಇಲ್ಲಿ ಕುಂತಿದ್ದರೆ, ನಮ್ಮ ಮಾತು ಕೇಳಿ ಡಾಕ್ಟರು ಬರೆದ ಪರೀಕ್ಷೆ ಬಿಡಬ್ಯಾಡ್ರಿ. ನಾವು ಹೇಳೋದು ಆರೋಗ್ಯವಂತರಲ್ಲಿ ರೋಗ ಹುಡುಕುವ ಶಿಬಿರದ ಬಗ್ಗೆ ಮಾತ್ರ.

ನಮ್ಮ ಡೇರಿಯ ಲೆಕ್ಕದಾಗ ಹೇಳಬೇಕಂದ್ರ ಇದು ಲ್ಯಾಕ್ಟೋಮೀಟರ್ ಇದ್ದಂಗ. ಹಾಲಿಗೆ ನೀರು ಬೆರೆಸಿದರೆ ರೀಡಿಂಗ್ ಇಳೀತೈತಿ. ಕೆನಿ ತೆಗೆದರೆ ಏರತೈತಿ. ಎರಡೂ ಮಾಡಿದ ಹಾಲು ಲ್ಯಾಕ್ಟೋಮೀಟರಿನಾಗ ಚೊಲೊ ಹಾಲಿನಂಗೇ ಕಾಣತೈತಿ. ಅದಕ್ಕೇ ನಾವು ಫ್ಯಾಟೂ ನೋಡತೀವಿ, ರೀಡಿಂಗೂ ನೋಡತೀವಿ, ಮೂಸಿಯೂ ನೋಡತೀವಿ. ಮೂವತ್ತು-ನಲವತ್ತು ರೂಪಾಯಿ ಹಾಲಿಗೆ ಇಷ್ಟು ಜಾಗ್ರತಿ ಮಾಡುವ ನಾವು ನಮ್ಮ ಅವ್ವ-ಅಕ್ಕಂದಿರ ಜೀವಕ್ಕೆ ಒಂದು ಅಂಕಿ ನೋಡಿ ಸುಮ್ಮನಾಗಬೇಕೇನು?

ಪ್ರೋಟೀನಿನ ಗುರುತು ನಿಜವಾಗಿ ಉಪಯೋಗ ಆಗಿರೋದು ರಕ್ತದಾಗ ಅಲ್ಲ, ಗಡ್ಡೆಯ ತುಣುಕಿನಾಗ. ಸೂಜಿ ಹಾಕಿ ತೆಗೆದ ತುಣುಕನ್ನು ಲ್ಯಾಬಿನಲ್ಲಿ ನೋಡಿ, ಇದು ಕ್ಯಾನ್ಸರ್ ಹೌದೋ ಅಲ್ಲೋ ಹೇಳತಾರ. ಹೌದಾದರೆ ಅದರಾಗ ಇ.ಆರ್., ಪಿ.ಆರ್., ಹರ್-2 ಅನ್ನುವ ಮೂರು ಪ್ರೋಟೀನ್ ಅದಾವೋ ಇಲ್ಲೋ ನೋಡತಾರ. ಇ.ಆರ್. ಇದ್ದವರಿಗೆ ಹಾರ್ಮೋನಿನ ಗುಳಿಗಿ. ಹರ್-2 ಇದ್ದವರಿಗೆ ಟ್ರಾಸ್ಟುಜುಮ್ಯಾಬ್ ಅನ್ನುವ ಔಷಧ. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕ ಈ ಔಷಧ ಮೊದಲು ಬಡವರ ಕೈಗೆ ಸಿಗದಷ್ಟು ದುಬಾರಿ ಇತ್ತು. ಅದೇ ತರದ ಔಷಧವನ್ನು ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ತಯಾರಿಸಿ 2014ರಲ್ಲಿ ದೇಶದ ಮಾರುಕಟ್ಟೆಗೆ ತಂದಿತು. ಬೆಂಗಳೂರಿನದೇ ಆಂಕೋಸ್ಟೆಮ್ ಅನ್ನುವ ಸಂಸ್ಥೆ ಗಡ್ಡೆಯ ತುಣುಕಿನ ಐದು ಪ್ರೋಟೀನ್ ನೋಡಿ, ಆಪರೇಶನ್ ಆದ ಮೇಲೆ ಈ ರೋಗ ಮರಳಿ ಬರುವ ಸಂಭವ ಎಷ್ಟು ಅಂತ ಅಂದಾಜು ಹೇಳುವ ಪರೀಕ್ಷೆ ಕಟ್ಟೈತಿ. ಅದು ಮೊದಲ ಹಂತಗಳಲ್ಲಿ ಸಿಕ್ಕ ಕೆಲವು ಬಗೆಯ ಗಡ್ಡೆಗೆ ಮಾತ್ರ. ಯಾರಿಗೆ ಕಿಮೋ ಬೇಕು, ಯಾರಿಗೆ ಬ್ಯಾಡ ಅಂತ ಡಾಕ್ಟರು ಯೋಚಿಸಲಿಕ್ಕೆ ಸಹಾಯ ಆಗತೈತಿ. ಇವೆಲ್ಲ ನಮ್ಮ ನಾಡಿನ ಹೆಮ್ಮೆ. ಆದರೆ ನೆನಪಿಡ್ರಿ, ಇವೆಲ್ಲ ಶುರು ಆಗೋದು ಗಡ್ಡೆ ಸಿಕ್ಕು, ಸೂಜಿ ಹಾಕಿದ ಮೇಲೆ.

ಹತ್ತಾರು ಪ್ರೋಟೀನುಗಳನ್ನು ಕೂಡಿಸಿ ನೋಡುವ, ರಕ್ತದಾಗ ತೇಲುವ ಗಡ್ಡೆಯ ಜೀವಕೋಶ, ಡಿ.ಎನ್.ಎ. ತುಣುಕು ಹುಡುಕುವ ಹೊಸ ಪರೀಕ್ಷೆಗಳ ಮೇಲೆ ಜಗತ್ತಿನ ತುಂಬ ಸಂಶೋಧನೆ ನಡದೈತಿ. ನಾಳೆ ಒಳ್ಳೆಯದು ಬರಲಿ, ಎಲ್ಲರಿಗಿಂತ ಮೊದಲು ನಮ್ಮ ಸಂಘ ತರಿಸಲಿ. ಆದರೆ ಒಂದು ಪರೀಕ್ಷೆ ರೋಗ ಕಂಡುಹಿಡಿಯತೈತಿ ಅನ್ನೋದು ಬೇರೆ, ಅದರಿಂದ ಸಾವು ಕಡಿಮೆ ಆತು ಅನ್ನೋದು ಬೇರೆ. ಎರಡನೇದಕ್ಕೆ ಪುರಾವೆ ಕೇಳುವ ಹಕ್ಕು ನಮಗೈತಿ.

ಹಂಗಾದ್ರ ನಾವು ಏನು ಮಾಡಬೇಕು? ಇದಕ್ಕೆ ಉತ್ತರ ದೂರ ಇಲ್ಲ, ನಮ್ಮ ಗಡಿಯಾಚೆಗೆ ಐತಿ. ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಊರು ನಿಮಗೆಲ್ಲ ಗೊತ್ತು. ಅಲ್ಲಿನ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಮತ್ತು ಮುಂಬೈಯ ಟಾಟಾ ಸಂಸ್ಥೆ ಸೇರಿ 1987ರಲ್ಲಿ ನಮ್ಮ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರು ಮಾಡಿದವು. ಕಾರ್ಯಕರ್ತರು ಹಳ್ಳಿ ಹಳ್ಳಿ ತಿರುಗಿ ಯಾರಿಗೆ ರೋಗ ಬಂದೈತಿ ಅಂತ ಬರೆದುಕೊಂಡರು. ಬರಿ ಬರೆದುಕೊಂಡು ಬರಲಿಲ್ಲ. ಲಕ್ಷಣ ತಿಳಿಸಿದರು, ಸಂಶಯ ಇದ್ದವರನ್ನ ಆಸ್ಪತ್ರೆಗೆ ಕಳಿಸಿದರು. ಕೆಲವೇ ವರ್ಷದಾಗ ಗರ್ಭಕೊರಳಿನ ಕ್ಯಾನ್ಸರ್ ಮೊದಲ ಹಂತದಲ್ಲೇ ಸಿಗುವವರ ಪ್ರಮಾಣ ಏರಿತು. ಯಾವ ದೊಡ್ಡ ಮಶೀನೂ ಇಲ್ಲ. ಬಾಯಿಮಾತು, ನಡಿಗಿ, ವಿಶ್ವಾಸ. ಜೋಳ ಬೆಳೆಯುವ, ನಮ್ಮಂಥದೇ ಬರದ ಸೀಮೆಯಲ್ಲಿ ಆದ ಕೆಲಸ ಅದು.

ಇನ್ನೊಂದು ಕೆಲಸ ಮುಂಬೈಯ ಕೊಳಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದ್ದು. 35ರಿಂದ 64 ವರ್ಷದ ಒಂದೂವರೆ ಲಕ್ಷ ಹೆಣ್ಣುಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ, ಒಟ್ಟು ನಾಲ್ಕು ಸಲ, ಕೈಯಿಂದ ಸ್ತನ ಪರೀಕ್ಷೆ ಮಾಡಿದರು. ಮಾಡಿದವರು ಡಾಕ್ಟರಲ್ಲ. ಹತ್ತನೇ ಇಯತ್ತೆ ಓದಿ, ಕೆಲವು ವಾರ ತರಬೇತಿ ಪಡೆದ ಹೆಣ್ಣುಮಕ್ಕಳು. ಇಪ್ಪತ್ತು ವರ್ಷದ ನಂತರ, 2021ರಲ್ಲಿ ಲೆಕ್ಕ ಹೊರಬಂತು. ಪರೀಕ್ಷೆ ಆದವರಲ್ಲಿ ರೋಗ ಮೊದಲ ಹಂತದಲ್ಲೇ ಹೆಚ್ಚು ಸಿಕ್ಕಿತ್ತು. 50 ವರ್ಷ ದಾಟಿದವರಲ್ಲಿ ಈ ರೋಗದಿಂದ ಆಗುವ ಸಾವು ನೂರಕ್ಕೆ ಸುಮಾರು 30ರಷ್ಟು ಕಡಿಮೆ ಆಗಿತ್ತು. 50ರ ಒಳಗಿನವರಲ್ಲಿ ಸಾವಿನ ಲೆಕ್ಕದಾಗ ಅಂಥಾ ಫಲ ಕಾಣಲಿಲ್ಲ ಅಂತಲೂ ಅವರು ಪ್ರಾಮಾಣಿಕವಾಗಿ ಬರೆದಿದ್ದಾರೆ. ತರಬೇತಿ ಆದ ಕೈ ಮಾಡಿದ್ದನ್ನು ರಕ್ತದ ಪ್ರೋಟೀನ್ ಇನ್ನೂ ಮಾಡಿ ತೋರಿಸಿಲ್ಲ.

ನಮ್ಮ ಸರಕಾರದ ಕಾರ್ಯಕ್ರಮದಲ್ಲೂ ಇದು ಐತಿ. 2016ರ ಕೇಂದ್ರದ ಮಾರ್ಗದರ್ಶಿ ಪ್ರಕಾರ 30 ವರ್ಷ ದಾಟಿದ ಪ್ರತಿ ಹೆಣ್ಣುಮಗಳಿಗೆ ಐದು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ಆಗಬೇಕು. ಅದೂ ಪುಕ್ಕಟೆ. ಉಪಕೇಂದ್ರದ ಸಿಸ್ಟರು, ಆಶಾ ಅಕ್ಕಾರು ಇದಕ್ಕಾಗಿಯೇ ಇದ್ದಾರೆ. ಆದರೆ ಇಲ್ಲಿ ಕುಂತವರಲ್ಲಿ ಎಷ್ಟು ಮಂದಿ ಮಾಡಿಸಿಕೊಂಡೀರಿ? ಕೈ ಎತ್ತ್ರಿ ಅಂತ ನಾವು ಕೇಳೂದಿಲ್ಲ. ಮನಸ್ಸಿನಾಗ ಎಣಿಸಿಕೊಳ್ಳ್ರಿ. ಇದ್ದ ಸವಲತ್ತು ಬಿಟ್ಟು ರೊಕ್ಕ ಕೊಟ್ಟು ಸುಳ್ಳು ಧೈರ್ಯ ತರೋದು ಜಾಣತನ ಅಲ್ಲ.

ಈಗ ಲಕ್ಷಣ ಹೇಳತೀವಿ. ಗಂಡಸರು ಇದನ್ನ ಹೇಳಬಾರದು ಅಂತ ಯಾರೂ ಮುಜುಗರ ಪಡಬ್ಯಾಡ್ರಿ. ಎಮ್ಮಿಗೆ ಕೆಚ್ಚಲಬಾವು ಆದರೆ ಚಾವಡಿಯಾಗ ಕುಂತು ಮಾತಾಡತೀವಿ, ಹೆಣ್ಣುಮಕ್ಕಳ ಜೀವದ ಮಾತಿಗೆ ನಾಚಿಗಿ ಯಾಕೆ? ಎದಿಯಾಗ ಅಥವಾ ಕಂಕುಳಾಗ ಗಂಟು. ನೋವಿಲ್ಲ ಅಂತ ಬಿಡಬಾರದು, ಈ ಗಂಟು ಮೊದಲಿಗೆ ಬಹಳ ಸಲ ನೋಯೂದೇ ಇಲ್ಲ. ತೊಟ್ಟು ಹೊಸದಾಗಿ ಒಳಗೆ ಎಳಕೊಳ್ಳೋದು. ತೊಟ್ಟಿನಿಂದ ರಕ್ತ ಬರೋದು. ತೊಗಲು ಒಂದು ಕಡೆ ಕುಣಿ ಬೀಳೋದು. ತೊಗಲು ಲಿಂಬಿಹಣ್ಣಿನ ಸಿಪ್ಪಿಯಂಗ ಚುಕ್ಕಿ ಚುಕ್ಕಿ, ದಪ್ಪ ಆಗೋದು. ಒಂದು ಸ್ತನದ ಆಕಾರ ಬದಲಾಗೋದು. ಇಂಡಿ ಸೀಮೆಯ ಮಂದಿಗೆ ಲಿಂಬಿ ಸಿಪ್ಪಿ ಹೆಂಗಿರತೈತಿ ಅಂತ ಯಾರೂ ಕಲಿಸಬೇಕಾಗಿಲ್ಲ. ಇದರಾಗ ಯಾವುದು ಕಂಡರೂ ರಕ್ತ ಪರೀಕ್ಷೆಗೆ ಓಡಬ್ಯಾಡ್ರಿ, ಡಾಕ್ಟರ ಹಂತೇಕ ಹೋಗ್ರಿ. ಅವರು ಕೈಯಿಂದ ನೋಡತಾರ, ವಯಸ್ಸು ನೋಡಿ ಮ್ಯಾಮೋಗ್ರಫಿ ಇಲ್ಲವೆ ಸೊನೋಗ್ರಫಿ ಮಾಡಿಸತಾರ, ಸಂಶಯ ಇದ್ದರೆ ಸೂಜಿ ಹಾಕಿ ತುಣುಕು ತೆಗೀತಾರ. ಸೂಜಿ ಹಾಕಿದರೆ ಕ್ಯಾನ್ಸರ್ ಹಬ್ಬತೈತಿ ಅನ್ನೋದು ಬರಿ ಸುಳ್ಳು. ಸೂಜಿಗೆ ಅಂಜಿ ಮನಿಯಾಗ ಕುಂತರೇ ಹಬ್ಬತೈತಿ. ಮತ್ತ ಒಂದು ಸಮಾಧಾನದ ಮಾತು, ಸ್ತನದಾಗಿನ ಹೆಚ್ಚಿನ ಗಂಟು ಕ್ಯಾನ್ಸರ್ ಆಗಿರೂದಿಲ್ಲ. ಅಪರೂಪಕ್ಕೆ ಗಂಡಸರಿಗೂ ಈ ರೋಗ ಬರತೈತಿ, ಅವರೂ ಲಕ್ಷ್ಯ ಇಡಬೇಕು.

ಖರ್ಚಿನ ಮಾತು. ಬಿ.ಪಿ.ಎಲ್. ಕಾರ್ಡ್ ಇದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಉಪಚಾರ ಐತಿ. ಸಹಕಾರಿ ಸದಸ್ಯರಿಗೆಂದೇ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡದೈತಿ. ಯಾವ ಆಸ್ಪತ್ರೆಯಲ್ಲಿ ಯಾವ ಉಪಚಾರಕ್ಕೆ ಯಾವ ಕಾರ್ಡು ನಡೀತೈತಿ ಅಂತ ದಾಖಲಾಗುವ ಮೊದಲೇ ಕೇಳಿಕೊಳ್ಳಬೇಕು. ತಪಾಸಣೆಗೆ ವಿಜಯಪುರದ ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಅದಾವು. ಕ್ಯಾನ್ಸರಿಗೆಂದೇ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ, ಗಡಿಯಾಚೆ ಸೊಲ್ಲಾಪುರ, ಬಾರ್ಶಿ ಅದಾವು. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತೂ ಎಲ್ಲರಿಗೂ ಗೊತ್ತಿದ್ದದ್ದು.

ಆದ್ದರಿಂದ ಸರ್ವಸಾಧಾರಣ ಸಭೆಯ ಮುಂದೆ ನಾವು ಇಡುವ ಸೂಚನೆ ಇಷ್ಟು. ಒಂದು, ರಕ್ತ ಪರೀಕ್ಷೆಯ ಶಿಬಿರ ಬ್ಯಾಡ. ಎರಡು, ಅದಕ್ಕೆ ತೆಗೆದಿಟ್ಟ ರೊಕ್ಕದಿಂದ ತಿಂಗಳಿಗೊಂದು ದಿನ ಸಂಘದ ವತಿಯಿಂದ ಗಾಡಿ ಗೊತ್ತು ಮಾಡಿ, ಸಿಸ್ಟರು-ಡಾಕ್ಟರು ಸಂಶಯ ಪಟ್ಟು ಚೀಟಿ ಬರೆದ ಹೆಣ್ಣುಮಕ್ಕಳನ್ನ ವಿಜಯಪುರಕ್ಕೆ ಕರಕೊಂಡು ಹೋಗಿ ಬರೋದು. ಜೋಡಿ ಒಬ್ಬ ಹೆಣ್ಣುಮಗಳು ಹೋಗಲಿ. ನಮ್ಮ ಹೆಣ್ಣುಮಕ್ಕಳು ಹಿಂದೆ ಬೀಳೋದು ರೋಗದ ಅಂಜಿಕಿಗಿಂತ “ಯಾರು ಕರಕೊಂಡು ಹೋಗಬೇಕು, ಆ ದಿನ ಎಮ್ಮಿ ಯಾರು ಹಿಂಡಬೇಕು” ಅನ್ನುವ ಚಿಂತಿಗೆ. ಮೂರು, ವರ್ಷಕ್ಕೊಮ್ಮೆ ಡೇರಿಯ ಪಕ್ಕದ ಕೋಣೆಯಲ್ಲಿ, ಪಡದೆ ಹಾಕಿ, ಆರೋಗ್ಯ ಇಲಾಖೆಯ ಸಿಸ್ಟರುಗಳಿಂದ 30 ದಾಟಿದ ಎಲ್ಲ ಮಹಿಳಾ ಸದಸ್ಯರ ಪರೀಕ್ಷೆ. ನಾಲ್ಕು, ರೋಗ ಖಾತ್ರಿ ಆದ ಸದಸ್ಯರ ಮನಿಗೆ ಮೊದಲ ಖರ್ಚಿಗೆ ಬಡ್ಡಿಯಿಲ್ಲದ ಮುಂಗಡ, ಹಾಲಿನ ಬಿಲ್ಲಿನಾಗ ಸಣ್ಣ ಸಣ್ಣ ಕಂತಿನಿಂದ ವಜಾ ಮಾಡಿಕೊಳ್ಳೋದು. ಹೊಲ ಮಾರುವ ವ್ಯಾಳ್ಯಾ ಬರಬಾರದು.

“ಏನೂ ಇಲ್ಲದಕಿಂತ ರಕ್ತ ಪರೀಕ್ಷೆ ಆದರೂ ಚೊಲೊ ಅಲ್ಲೇನು” ಅಂತ ಮಂಡಳಿಯ ಹಿರಿಯರೊಬ್ಬರು ಕೇಳಿದರು. ಅವರಿಗೆ ನಾವು ಗೌರವದಿಂದ ಹೇಳಿದ್ದು ಇಷ್ಟೇ: ಕಾಕಾ, ತಪ್ಪು ತೂಕದ ಕಲ್ಲಿಗಿಂತ ಕಲ್ಲು ಇಲ್ಲದ್ದು ಚೊಲೊ. ಕಲ್ಲು ಇಲ್ಲ ಅಂದ್ರ ಸರಿಯಾದದ್ದು ತರಬೇಕು ಅನ್ನುವ ಎಚ್ಚರಾದರೂ ಇರತೈತಿ. ಅವರು ನಕ್ಕು ಒಪ್ಪಿಕೊಂಡರು, ಇವತ್ತು ಇದೇ ವೇದಿಕೆಯ ಮೇಲೆ ಕುಂತು ಕೇಳತಿದ್ದಾರೆ.

ತಾಯಂದಿರೆ, ಠರಾವು ಪಾಸು ಮಾಡೋದು ನಿಮ್ಮ ಕೈಯಾಗ ಐತಿ. ಈ ಸಲ ಕೈ ಎತ್ತುವಾಗ ಹಿಂದಿನ ಸಾಲಿನಾಗ ಕುಂತವರೂ ಎತ್ತಬೇಕು. 

ಜೈ ಕರ್ನಾಟಕ. ಜೈ ಸಹಕಾರ.